ತಾಂಬೂಲದ ಪುಟಾಣಿ ಕಾಯಿ

ತುಮಕೂರಿನಲ್ಲಿ ಫೀಸಿಲ್ಲದೆ ಮಂಡಿನೋವು ನೋಡುವ ಏಕೈಕ ಮಹಾನುಭಾವ ತಾನೇ ಎಂದು ಫಿಸಿಯೋಥೆರಪಿಸ್ಟ್ ಭಾನುಪ್ರಕಾಶನಿಗೆ ಭಾರಿ ಹೆಮ್ಮೆ. ಮನೆಯ ಮುಂದಿನ ಕೋಣೆಯೇ ಕ್ಲಿನಿಕ್ಕು. ಬಾಗಿಲಲ್ಲಿ ಬೋರ್ಡು: ‘ಮನಸ್ಸಿಗೆ ತೋಚಿದ್ದನ್ನು ಬುಟ್ಟಿಯಲ್ಲಿಡಿ.’ ಯಾರು ಏನಿಟ್ಟರೆಂದು ತಾನು ನೋಡುವುದೇ ಇಲ್ಲ ಎಂದು ಊರೆಲ್ಲ ಹೇಳಿಕೊಂಡಿದ್ದ. (ನೋಡುತ್ತಿದ್ದ. ಪರದೆ ಸರಿಸಿ ನೋಡುತ್ತಿದ್ದ.)

ಬಂದ ಹೆಂಗಸರಿಗೆ ಹೆಂಡತಿ ಸರ್ವಮಂಗಳ ತಾಂಬೂಲ ಕೊಟ್ಟೇ ಕಳಿಸುವವಳು. ಅದಕ್ಕೆ ತೆಂಗಿನಕಾಯಿ, ರೋಗಿಗಳು ತಂದಿಟ್ಟ ಬುಟ್ಟಿಯಿಂದಲೇ.

“ದಪ್ಪದೆಲ್ಲ ಮಂಚದ ಕೆಳಗಿರ್ಲಿ. ಕೊಡೋಕೆ ಇದು ಸಾಕು,” ಎಂದ ಭಾನುಪ್ರಕಾಶ ಒಂದು ದಿನ.

“ಕಿತ್ತಳೆ ಹಣ್ಣಿನಷ್ಟಿದೆ ಕಣ್ರೀ!”

“ತಾಂಬೂಲಕ್ಕೆ ಸೈಜ್ ಯಾರ್ ನೋಡ್ತಾರೆ? ಭಾವನೆ ಮುಖ್ಯ.”

ಆ ಕಾಯಿ, ಗುಬ್ಬಿ ಕಡೆಯಿಂದ ಗಂಡ ಪುಟ್ಟರಂಗಯ್ಯನ ಮಂಡಿ ತೋರಿಸಲು ಬಂದಿದ್ದ ಚಿಕ್ಕಗಂಗಮ್ಮನ ಮಡಿಲು ಸೇರಿತು.

ಮುಂದಿನ ವಾರ ಗಂಡಹೆಂಡಿರು ಮತ್ತೆ ಬಂದರು. ಪರದೆಯ ಸಂದಿಯಿಂದ ನೋಡಿದರೆ, ಬುಟ್ಟಿಗೆ ಬಿದ್ದದ್ದು ಒಂದೇ ಒಂದು ಪುಟಾಣಿ ಕಾಯಿ! ಭಾನುಪ್ರಕಾಶನ ಪಿತ್ತ ನೆತ್ತಿಗೇರಿತು. ಅರ್ಧ ಗಂಟೆಯ ಚಿಕಿತ್ಸೆ ಏಳು ನಿಮಿಷಕ್ಕೆ ಮುಗಿಯಿತು.

“ಏನ್ ಪುಟ್ಟರಂಗಯ್ಯನೋರೆ, ಗುಬ್ಬಿ ಕಡೆ ಈಗ ಕಾಯಿ ಇಷ್ಟೇ ಆಗೋದಾ?”

ಮುದುಕ ಸಂಕೋಚಪಟ್ಟ. “ನಮ್ದಲ್ಲ ಸಾ. ಹೋದ್ವಾರ ಅಮ್ಮಾವ್ರು ನಮ್ಮೋಳ್ಗೆ ಕೊಟ್ಟಿದ್ದು. ಅದ್ನ ನೋಡಿ ಅತ್ಬುಟ್ಲು. ಫೀಸ್ ಇಲ್ದೆ ನೋಡಿ ನೋಡಿ ಡಾಕ್ಟ್ರ ಮನೇಲಿ ಕಾಯ್ಗೂ ಗತಿ ಇಲ್ದಂಗಾಗದೆ, ಇದ್ದದ್ದೊಂದ್ನೂ ನಮ್ಗೇ ಕೊಟ್ಟವ್ರೆ ಅಂತ. ಅದ್ಕೇ ವಾಪಸ್ ತಂದ್ವಿ. ಆಟೋದಲ್ಲಿ ಒಂದ್ ಚೀಲ ಕಾಯೂ ಐತೆ. ತಪ್ ತಿಳ್ಕೋಬ್ಯಾಡಿ.”

ಭಾನುಪ್ರಕಾಶನಿಗೆ ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ಅಡುಗೆಮನೆ ಬಾಗಿಲಲ್ಲಿ ಸರ್ವಮಂಗಳ ಅವನನ್ನೇ ನೋಡುತ್ತಿದ್ದಳು. ಬೈದಿದ್ದರೇ ವಾಸಿಯಿತ್ತು.

“ಇನ್ನೊಂದ್ಸಲ ಮಲಗಿ ಯಜಮಾನ್ರೇ, ಪೂರ್ತಿ ಆಗಿಲ್ಲ,” ಎಂದು ಮುಕ್ಕಾಲು ಗಂಟೆ ತಲೆ ಎತ್ತದೆ ಮಂಡಿ ನೀವಿದ. ಅಷ್ಟರಲ್ಲಿ ಚೀಲದ ಕಾಯಿ ಬುಟ್ಟಿಗೆ ಸುರಿದಾಗಿತ್ತು.

ಅವರು ಹೊರಟಾಗ ಸರ್ವಮಂಗಳ ತಾಂಬೂಲದ ತಟ್ಟೆ ಹಿಡಿದು, “ಯಾವ ಕಾಯಿ ಕೊಡ್ಲಿ ರೀ?” ಎಂದಳು, ಎಲ್ಲರಿಗೂ ಕೇಳುವಂತೆ.

ಪ್ರಾಯಶ್ಚಿತ್ತದ ಸುಮುಹೂರ್ತ! ಮಂಚದ ಕೆಳಗಿನಿಂದ ತೆಗೆದರೆ ಗುಟ್ಟು ರಟ್ಟಾಗುತ್ತದೆ. ಅವನು ಬುಟ್ಟಿಗೆ ಓಡಿ, ಎಲ್ಲಕ್ಕಿಂತ ದಪ್ಪ ಕಾಯಿ ಆರಿಸಿ ತಂದು ಎರಡೂ ಕೈಯಲ್ಲಿ ತಟ್ಟೆಗಿಟ್ಟ.

ಚಿಕ್ಕಗಂಗಮ್ಮ ಅದನ್ನು ತಿರುಗಿಸಿ ನೋಡಿದಳು.

“ಇದು ಈಗ ನಾವ್ ತಂದಿದ್ದೇ ಅಲ್ವಾ ಡಾಕ್ಟ್ರೇ? ಪಾಪ, ನಿಮ್ಮತ್ರ ಬ್ಯಾರೆ ಎಲ್ಲೈತೆ! ಬುಡಿ, ನೀವೇ ಇಟ್ಕಳಿ,” ಎಂದು ಕನಿಕರದಿಂದ ಅವನ ಕೈಗೇ ವಾಪಸ್ಸಿಟ್ಟಳು.

ಮಂಚದ ಕೆಳಗಿದ್ದ ಅರವತ್ತು ಕಾಯಿಗಳ ಮಾತನ್ನು ಸರ್ವಮಂಗಳ ಎತ್ತಲಿಲ್ಲ. ಅವನೂ ಎತ್ತಲಿಲ್ಲ.