ಬೀಗರು ವಾದ್ಯದ ಹಲ್ಲು ಎಣಿಸಿದ್ದು

ನಮ್ಮ ಬೀಗರು ಎತ್ತು ಆರಿಸುವುದರಲ್ಲಿ ಬಹಳ ಹುಷಾರು. ಎಷ್ಟು ಹುಷಾರೆಂದರೆ, ಅಳಿಯನನ್ನೂ ಅದೇ ರೀತಿ ಆರಿಸಿದರು!

ಬೀಗರೆಂದರೆ ನನ್ನ ಸೊಸೆಯ ತಂದೆ. ಊರು ಬಸವನ ಬಾಗೇವಾಡಿ. ಮದುವೆಯ ಮಾತಿಗೆಂದು ಸಿಂದಗಿಯ ನಮ್ಮ ಮನೆಗೆ ಬಂದ ದಿನ ನೀರು ಕೇಳಿದರು, ಎಲೆ ಅಡಿಕೆ ಕೇಳಿದರು, ಮತ್ತೆ ನೀರು ಕೇಳಿದರು. ಹೀಗೆ ನನ್ನ ಮಗನನ್ನು ಪಡಸಾಲೆಯಲ್ಲಿ ಮೂರು ಸಲ ಅಡ್ಡಾಡಿಸಿ ಅವನ ನಡಿಗೆ ನೋಡಿದರು. ಆಮೇಲೆ ಚೀಲದಿಂದ ಕಬ್ಬಿನ ತುಂಡು ತೆಗೆದು "ತಿನ್ನರಿ" ಎಂದು ಅವನ ಕೈಗೆ ಕೊಟ್ಟು, ಅವನ ಬಾಯಿಯನ್ನೇ ನೋಡುತ್ತ ಕೂತರು. ಅವನು ಕಟಕಟ ಅಗಿದ. ಬೀಗರು ಎದ್ದು ನಿಂತು, "ಹಲ್ಲು ಛಲೋ ಅದಾವು. ನಮ್ಮ ಕಡಿಂದ ಪಕ್ಕಾ" ಎಂದರು. ಹುಡುಗ ಎಷ್ಟು ಓದಿದ್ದಾನೆ, ನೌಕರಿ ಏನು, ಒಂದೂ ಕೇಳಲಿಲ್ಲ! ಆದರೆ ಇದ್ದದ್ದನ್ನು ಹೇಳಬೇಕು. ಇಷ್ಟು ವರ್ಷವಾಯಿತು, ನನ್ನ ಮಗನ ಒಂದು ಹಲ್ಲೂ ಅಲುಗಿಲ್ಲ.

ಇಂಥವರಿಗೆ ಎರಡೂ ಕಿವಿ ಮಂದ. ಅದು ಬಾಗೇವಾಡಿಗೆಲ್ಲ ಗೊತ್ತು, ಸಿಂದಗಿಗೆಲ್ಲ ಗೊತ್ತು, ಬಸ್ಸಿನ ಕಂಡಕ್ಟರಿಗೂ ಗೊತ್ತು. ಗೊತ್ತಿಲ್ಲದವರು ಅವರೊಬ್ಬರೇ! ಯಾರಾದರೂ ಎರಡು ಸಲ ಕೂಗಿ ಹೇಳಬೇಕಾಗಿ ಬಂದರೆ, "ಈಗಿನ ಮಂದಿ ಜ್ವಾಳದ ರೊಟ್ಟಿ ತಿನ್ನೂದು ಬಿಟ್ಟಾರ. ದನಿ ಎಲ್ಲಿಂದ ಬರಬೇಕು?" ಎಂದು ನಮ್ಮ ಮೇಲೆಯೇ ಹಾಕುತ್ತಾರೆ. ಎಸ್‌ಟಿಡಿ ಬೂತಿನಿಂದ ಫೋನು ಮಾಡಿದರೆ ತಮ್ಮದಷ್ಟು ಹೇಳಿ ಇಟ್ಟುಬಿಡುತ್ತಾರೆ. ಆ ಕಡೆ ಫೋನು ಎತ್ತಿದವರು ಮನೆಯವರೋ ಮತ್ಯಾರೋ ಎಂಬ ಚಿಂತೆಯೂ ಅವರಿಗಿಲ್ಲ.

ಈಗ ನನ್ನ ಮೊಮ್ಮಗಳ ವಿಷಯಕ್ಕೆ ಬರುತ್ತೇನೆ. ಬರದೆ ಇರಲು ನನಗೆ ಆಗುವುದೂ ಇಲ್ಲ! ಆರು ವರ್ಷದ ಕೂಸು. ನಾನು ರೊಟ್ಟಿ ಬಡಿಯುತ್ತಿದ್ದರೆ ಎದುರಿಗೆ ಹಿಟ್ಟು ನಾದುವ ಒಂದು ಪರಾತ ಬೋರಲು ಹಾಕಿಕೊಂಡು ಕೂತು, ನನ್ನ ಕೈಗೆ ಕೈ ಕೂಡಿಸಿ ತಪತಪ ಬಾರಿಸುತ್ತದೆ. ನಾನು ಬೇಗ ಬಡಿದರೆ ಅದೂ ಬೇಗ. ನಾನು ರೊಟ್ಟಿ ತಿರುವಿ ಹಾಕಲು ನಿಂತರೆ ಅದೂ ನಿಲ್ಲುತ್ತದೆ. ಇದನ್ನು ನೋಡಿದವರು ಬೆರಗಾಗದೆ ಹೋಗಿಲ್ಲ. ಬೆರಗಾಗದವರಿಗೆ ನಾನು ಎರಡನೇ ಸಲ ತೋರಿಸಿದ್ದೇನೆ, ಅಷ್ಟೇ. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು, ಸಂಗೀತ ನನಗೇನು ಗೊತ್ತು? ಆದರೆ ಈ ಕೂಸು ಹುಟ್ಟಿದಾಗ ಅತ್ತದ್ದೇ ತಾಳದಲ್ಲಿ ಅತ್ತಿತ್ತು. ಸೂಲಗಿತ್ತಿ ಇದನ್ನು ಒಪ್ಪುವುದಿಲ್ಲ. ಅವಳಿಗೇನು ತಿಳಿಯುತ್ತದೆ!

ಬೀಗರು ಬಂದಾಗ ಕೂಸು ಪರಾತ ಬಾರಿಸಿದರೆ ಅವರು ಅದರ ಹತ್ತಿರ ಹೋಗಿ ನೆಲದ ಮೇಲೆ ಅಂಗೈ ಊರಿ ಕೂಡುತ್ತಾರೆ. ಮೊಣಕಾಲು ನೋಯುತ್ತಿರಬೇಕು, ಆಸರೆಗೆ ಕೈ ಊರುತ್ತಾರೆ ಎಂದು ನಾನು ತಿಳಿದಿದ್ದೆ.

ನಮ್ಮೂರಲ್ಲಿ ಒಬ್ಬ ಗವಾಯಿ ಮಾಸ್ತರರು ಮಕ್ಕಳಿಗೆ ಕಲಿಸುತ್ತಿದ್ದರು. ಕೂಸನ್ನು ಕರೆದುಕೊಂಡು ಹೋದೆವು. ಅವರು ಅದರ ಕೈ ಹಿಡಿದು ಚಪ್ಪಾಳೆ ತಟ್ಟಿಸಿ ನೋಡಿ, "ಕೈಯಾಗ ಲಯ ಐತ್ರಿ. ಪೆಟ್ಟಿಗಿ ಆಗಲಿ, ತಬಲಾ ಆಗಲಿ, ಮನಿಯಾಗ ಒಂದು ಇಟ್ಟುಕೊಂಡು ಬರ್ರಿ. ಶ್ರಾವಣದ ಮೊದಲನೇ ಸೋಮವಾರ ಹೊಸ ಮಕ್ಕಳನ್ನ ಕೂಡಸ್ತೇನಿ. ಅದು ತಪ್ಪಿತಂದ್ರ ಮುಂದಿನ ಶ್ರಾವಣಾನ" ಎಂದರು. ಕೈಯಲ್ಲಿ ಒಂದು ತಿಂಗಳಿತ್ತು. ಆರು ವರ್ಷದ ಕೂಸಿಗೆ ಮುಂದಿನ ಶ್ರಾವಣವೆಂದರೆ ಒಂದು ಜನ್ಮ!

ನನ್ನ ಮಗ ಮರುದಿನವೇ ವಿಜಾಪುರಕ್ಕೆ ಹೋಗಿ ಏನಾದರೊಂದು ತರುತ್ತಿದ್ದ. ಅಷ್ಟರಲ್ಲಿ ಸುದ್ದಿ ಮುಟ್ಟಿ ಬಾಗೇವಾಡಿಯಿಂದ ಬೀಗರ ಫೋನು ಬಂತು. "ತೊಟ್ಟಿಲಾ ಯಾರ ಕೊಟ್ಟಿದ್ರು? ತವರಮನಿಯವ್ರು. ಮೊದಲನೇ ವಾದ್ಯಾನೂ ತವರಮನಿಯಿಂದಾನ ಬರಬೇಕು. ನಾ ಆರಿಸಿ ಕೊಡಸ್ತೇನಿ." ಅಷ್ಟು ಹೇಳಿ ಇಟ್ಟರು. ತೊಟ್ಟಿಲ ಮಾತು ಬಂದ ಮೇಲೆ ಯಾರು ಇಲ್ಲ ಎನ್ನುತ್ತಾರೆ? ನಾನು ಮಾತ್ರ ಸೊಸೆಗೆ ಹೇಳಿದೆ: "ನಿಮ್ಮಪ್ಪಗ ಗುಡುಗು ಕೇಳೂದಿಲ್ಲ. ಅವ್ರು ವಾದ್ಯಾ ಆರಸ್ತಾರಂತ!" ಸೊಸೆ ನಕ್ಕಳು. ತಂದೆಯ ವಿಷಯದಲ್ಲಿ ಅವಳಿಗೆ ಅದೊಂದೇ ಉಪಾಯ ಉಳಿದಿತ್ತು.

ಮೊದಲು ಇಂಡಿಗೆ ಹೋದೆವು. ಅಲ್ಲಿ ಭಜನೆ ಮೇಳದ ಹಿರಿಯರೊಬ್ಬರು ತಮ್ಮ ಹಾರ್ಮೋನಿಯಂ ಮಾರುವವರಿದ್ದರು. ಬೀಗರು, ಕೂಸು, ಕಾವಲಿಗೆ ನಾನು! ಹಿರಿಯರು ಪೆಟ್ಟಿಗೆಯನ್ನು ಕಟ್ಟೆಯ ಮೇಲೆ ಇಟ್ಟರು. ಬೀಗರು ಅದನ್ನು ಮುಟ್ಟಲಿಲ್ಲ. ದೂರ ನಿಂತು ನೋಡಿದರು. ಸುತ್ತ ಒಂದು ಸುತ್ತು ಬಂದರು. ಬೆನ್ನು ಸವರಿದರು. ಸುಳಿ ಹುಡುಕಿದರೋ ಏನೋ, ಬಗ್ಗಿ ಹೊಟ್ಟೆಯ ಕೆಳಗೂ ನೋಡಿದರು. ಆಮೇಲೆ ಮುಚ್ಚಳ ತೆಗೆಸಿ ಸ್ವರದ ಮನೆಗಳನ್ನು ಎಣಿಸತೊಡಗಿದರು. ಎಣಿಸುತ್ತ ಎಣಿಸುತ್ತ ಮುಖ ಸಣ್ಣದಾಯಿತು.

"ಹಲ್ಲು ಬಾಳ ಅದಾವು. ವಯಸ್ಸಾಗೇತಿ ಇದಕ್ಕ."

"ಹಾರ್ಮೋನಿಯಂ ಇರೂದಾ ಹಂಗರಿ" ಎಂದರು ಹಿರಿಯರು.

"ಮತ್ತ ನಡುನಡುವ ಕರೀ ಹಲ್ಲು ಯಾಕ ಅದಾವು? ಹುಳಾ ಬಿದ್ದಾವೇನು?"

ಹಿರಿಯರು ನನ್ನ ಮುಖ ನೋಡಿದರು. ನಾನು ದಾರಿಯಲ್ಲಿ ಹೋಗುತ್ತಿದ್ದ ಟಾಂಗಾ ನೋಡಿದೆ. ಬೀಗರು ತಿದಿ ಒತ್ತಿ ಅಂಗೈಯನ್ನು ಅದರ ಮುಂದೆ ಹಿಡಿದರು. "ಗಾಳಿ ಹೊರಗ ಬರಾಕತ್ತೈತಿ. ದಮ್ಮಿನ ಬ್ಯಾನಿ!" ಎಂದು ತೀರ್ಪು ಕೊಟ್ಟರು.

ಇಷ್ಟಾದರೂ ವ್ಯಾಪಾರ ಬಿಡಲಿಲ್ಲ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲವಲ್ಲ! ಹೆಗಲ ವಸ್ತ್ರದ ಮರೆಯಲ್ಲಿ ಕೈಹಿಡಿದು ಬೆರಳು ಒತ್ತಿ ಹೇಳಬೇಕು. ಬೀಗರು ಹೆಗಲ ಮೇಲಿನ ವಲ್ಲಿ ತೆಗೆದು ಹಿರಿಯರ ಕೈಮೇಲೆ ಹಾಕಿದರು, ಒಳಗೆ ಕೈ ತೂರಿಸಿ ಬೆರಳು ಒತ್ತಿದರು. ಜೀವಮಾನವೆಲ್ಲ ಭಜನೆ ಮಾಡಿದ ಆ ಮನುಷ್ಯ ಒಂದು ಗಳಿಗೆ ದಂಗಾದರು. ಆಮೇಲೆ ಏನು ತಿಳಿದರೋ, ಮುಖ ಅರಳಿತು. ಇನ್ನೊಂದು ಕೈಯನ್ನೂ ಮುಂದೆ ಚಾಚಿ, "ನಾಡಿ ನೋಡ್ತೀರೇನ್ರಿ? ಛಲೋ ಆತು ನೋಡ್ರಿ. ಎಡಗಾಲಿನ ಮೊಣಕಾಲು ಎರಡು ವರ್ಷ ಆತು, ಕುಂತ್ರ ಏಳಾಕ ಬರೂದಿಲ್ಲ" ಎಂದರು! ಬೀಗರಿಗೆ ಅದು ಕೇಳಲಿಲ್ಲ. ಮತ್ತೆ ಎರಡು ಬೆರಳು ಒತ್ತಿದರು. ಹಿರಿಯರು "ಹೌದ್ರಿ, ಅಲ್ಲೇ ನೋವು" ಎಂದರು.

ನಾವು ಪೆಟ್ಟಿಗೆ ಇಲ್ಲದೆ ಬಂದೆವು. ಕೂಸಿಗೆ ಅದರ ದುಃಖವೇ ಇಲ್ಲ. ಬಸ್ಸಿನಲ್ಲಿ ಅದಕ್ಕೆ ಹೊಸ ಆಟ ಸಿಕ್ಕಿತ್ತು. ಅಜ್ಜನ, ಅದರ ಬಾಯಲ್ಲಿ ಮುತ್ಯಾನ, ವಲ್ಲಿಯ ಕೆಳಗೆ ಕೈ ಹಾಕಿ ಬೆರಳು ಒತ್ತುವುದು, ಮುತ್ಯಾ "ಅಬ್ಬಬ್ಬಾ, ಬಾಳ ಆತು! ಸ್ವಲ್ಪ ಇಳೀ ಬೇ ಯವ್ವಾ" ಎನ್ನುವುದು. ಸಿಂದಗಿ ಬರುವವರೆಗೆ ಇಬ್ಬರೂ ಬಸ್ಸನ್ನೇ ಕೊಂಡು ಮಾರಿದರು.

ಮಾಸ್ತರರು ಪಿಟೀಲು ಆಗಬಹುದೇ ಎಂದು ಕೇಳಿ ಕಳಿಸಿದರು. ಬೀಗರು, "ಗದ್ದದ ಕೆಳಗ ಇಟ್ಟುಕೊಂಡು ಕೂಸಿನ ಕುತಿಗಿ ಸೊಟ್ಟ ಆದ್ರ?" ಎಂದರು. ಕೊಳಲು? "ಅದಕ್ಕ ಮೈಯ್ಯಾ ಇಲ್ಲ. ಎಲ್ಲಿ ಹಿಡಕೊಂಡು ನೋಡೂದು?" ಹೀಗೆ ಎರಡು ಸೋಮವಾರ ಹೋದವು. ಬೀಗರು ಬಸ್ಸಿಳಿದು ಬಂದಾಗಲೆಲ್ಲ ಕೂಸು ಓಡಿಹೋಗಿ, "ಮುತ್ಯಾ, ತಂದಿಯೇನು?" ಎಂದು ಕೇಳುತ್ತಿತ್ತು. ಬರಿಗೈ ನೋಡಿ ಹಿಂದೆ ಬರುತ್ತಿತ್ತು.

ಕೊನೆಗೆ ಮುದ್ದೇಬಿಹಾಳದ ತಬಲಾ ಕಟ್ಟುವವರ ಅಂಗಡಿಗೆ ಹೋದೆವು. ತಬಲಾ ಎಂದರೆ ಜೋಡಿ ಎಂದು ಕೇಳಿಯೇ ಬೀಗರ ಮುಖ ಬೆಳಗಿತು. ಅಂಗಡಿಯವರು ಜೋಡಿಯನ್ನು ಮುಂದೆ ಇಟ್ಟರು. ಬೆಳಕು ಆರಿತು.

"ಇದೆಂಥಾ ಜೋಡಿರೀ? ಒಂದು ಎತ್ತು, ಒಂದು ಕರು! ನೊಗಾ ಹೆಂಗ ಕೂಡಬೇಕು?"

"ದೊಡ್ಡದು ಡಗ್ಗಾ, ಸಣ್ಣದು ತಬಲಾ. ಎರಡೂ ಕೂಡಿನಾ ಜೋಡಿರಿ" ಎಂದು ಅಂಗಡಿಯವರು ಕೂಗಿ ಹೇಳಿದರು.

ಬೀಗರು ಅವರಿಗೆ ಬಾರಿಸಲು ಹೇಳಿ ಡಗ್ಗಾದ ಪಕ್ಕಕ್ಕೆ ಅಂಗೈ ಇಟ್ಟರು. ಕಣ್ಣು ಮುಚ್ಚಿದರು. ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ಸಣ್ಣದರ ಮೇಲೆ ಇಟ್ಟರು. ತಲೆ ಅಲ್ಲಾಡಿಸಿದರು. "ಸಣ್ಣದು ಬ್ಯಾಡ. ಎರಡೂ ದೊಡ್ಡವಾ ಕೊಡ್ರಿ."

"ಎರಡು ಡಗ್ಗಾ ಒಯ್ದು ಏನ್ ಮಾಡ್ತೀರಿ ಯಜಮಾನ್ರ? ರಂಟಿ ಹೊಡೀತೀರೇನು?"

ಅಲ್ಲಿಂದಲೂ ಬರಿಗೈ! ಶ್ರಾವಣಕ್ಕೆ ನಾಲ್ಕು ದಿನ ಉಳಿದಿತ್ತು. ಮನೆಗೆ ಬಂದು ಕೂಸು ಪರಾತವನ್ನು ಒಲೆಯ ಹಿಂದೆ ತಳ್ಳಿ, "ನನಗೇನೂ ಬ್ಯಾಡ. ನಾ ಕಲಿಯೂದಿಲ್ಲ" ಎಂದಿತು. ಅತ್ತಿದ್ದರೆ ತಡೆಯುತ್ತಿದ್ದೆ. ಅಳಲೂ ಇಲ್ಲ. ನಾನು ಪಡಸಾಲೆಗೆ ಬಂದು, ಓಣಿಯೆಲ್ಲ ಕೇಳುವ ಹಾಗೆ ಕೂಗಿದೆ.

"ಬೀಗರ! ನಿಮಗ ಕಿವೀನಾ ಕೇಳೂದಿಲ್ಲ. ವಾದ್ಯಾ ಆರಸೂದು ನಿಮಗ್ಯಾಕ ಬೇಕಾಗಿತ್ತು?"

ಇದು ಕೇಳಿತು. ಸೊಸೆ ಬಾಗಿಲಲ್ಲೇ ನಿಂತಳು. ನನ್ನ ಮಗ ತಲೆ ತಗ್ಗಿಸಿದ. ಜೋಳದ ರೊಟ್ಟಿಯ ಮಾತು ಈಗ ಬರುತ್ತದೆ ಎಂದು ನಾನು ಸೆರಗು ಸಿಕ್ಕಿಸಿಕೊಂಡು ನಿಂತೆ. ಬರಲಿಲ್ಲ.

"ಹೌದ್ರಿ ಬೀಗತಿ" ಎಂದರು. "ಕೇಳೂದಿಲ್ಲ. ಅದಕ್ಕಾ ಹುಡಕಾಕತ್ತೇನಿ. ಇಕಿ ಬಾರಸೂದು ಊರಿಗೆಲ್ಲಾ ಕೇಳತೈತಿ. ನನಗೂ ಕೇಳೂವಂಥಾದ್ದು ಒಂದರ ಇರಬೇಕಲ್ರಿ. ಮುದ್ದೇಬಿಹಾಳದಾಗ ಆ ದೊಡ್ಡದು ಅಂಗೈಗೆ ಕೇಳಿತು. ಸಣ್ಣದು ಕೇಳಲಿಲ್ಲ. ಕೂಸು ಬಾರಸಿದ್ದರಾಗ ಅರ್ಧಾ ಬಿಟ್ಟು ಹೆಂಗ ಕೇಳಲಿ?"

ನಾನು ಸಿಕ್ಕಿಸಿದ್ದ ಸೆರಗು ಬಿಚ್ಚಿ ಅವರ ಎದುರಿಗೆ ಕೂತೆ.

ಕೂಸು ಒಲೆಯ ಕಡೆಯಿಂದ ಬಂತು. ಮುತ್ಯಾನ ಹೆಗಲಿಂದ ವಲ್ಲಿ ಎಳೆದು ಅವರ ಕೈಮೇಲೆ ಹಾಕಿ, ಒಳಗೆ ತನ್ನ ಕೈ ತೂರಿಸಿತು. ವಲ್ಲಿಯ ಕೆಳಗೆ ಏನೋ ತಪತಪ ಕುಣಿಯಿತು. ಆಮೇಲೆ ಅವರ ಕಿವಿಗೆ ಬಾಯಿ ಹಚ್ಚಿ, ನಮಗೆಲ್ಲ ಕೇಳುವ ಹಾಗೆ ಕೂಗಿ ಹೇಳಿತು: "ದೊಡ್ಡದರ ಮ್ಯಾಲ ಕೈ ಇಟ್ಟು ನೀ ಕೇಳು. ಸಣ್ಣದನ್ನ ನಾ ನಿನ್ನ ಅಂಗೈ ಮ್ಯಾಲ ಬಾರಸಿ ತೋರಸ್ತೇನಿ!"

ಬೀಗರು ವಲ್ಲಿಯೊಳಗಿನ ಆ ಸಣ್ಣ ಕೈಯನ್ನು ಗಟ್ಟಿಯಾಗಿ ಹಿಡಿದರು. "ಸೌದಾ ಆತು" ಎಂದರು. ವಲ್ಲಿಯಿಂದಲೇ ಮುಖ ಒರೆಸಿಕೊಂಡರು.

ಈಗ ಎತ್ತು–ಕರುವಿನ ಜೋಡಿ ನಮ್ಮ ಪಡಸಾಲೆಯಲ್ಲಿದೆ. ಕೂಸು ಸೋಮವಾರ ತಪ್ಪಿಸುವುದಿಲ್ಲ. ಬೀಗರು ಬಾಗೇವಾಡಿ ಬಸ್ಸು ತಪ್ಪಿಸುವುದಿಲ್ಲ. ಮೊನ್ನೆ ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ಕೂಸು ನನ್ನ ಕೈಗೆ ಕೈ ಕೂಡಿಸಿ ಬಾರಿಸುತ್ತಿತ್ತು. ಬೀಗರು ಒಂದು ಕೈ ಡಗ್ಗಾದ ಮೇಲೆ, ಒಂದು ಕೈ ನೆಲದ ಮೇಲೆ ಇಟ್ಟು ಕಣ್ಣು ಮುಚ್ಚಿ ಕೂತಿದ್ದರು. ಆ ಮುಖವನ್ನು ಬಾಗಿಲ ಸಂದಿಯಿಂದ ನೋಡುತ್ತ ನನ್ನ ಕೈ ಒಂದು ಸಲ ನಿಂತಿತು, ಅಷ್ಟೇ.

ಪಡಸಾಲೆಯಿಂದ ಕೂಗು ಬಂತು: "ಬೀಗತಿ! ರೊಟ್ಟಿ ತಾಳಾ ತಪ್ಪಿತು!"