ಇಂಜಿನ್ನಿಗೆ ಬಾಯಿ ಬಂದದ್ದು

ಇಂಜಿನ್ನು ಓಡಿತು. ಹಣೆಯ ದೀಪವೂ ಹತ್ತಿತು. ಸದ್ದು ಮಾತ್ರ ಬರಲಿಲ್ಲ.

ಭಾನುವಾರದ ಚಹಾ ಆರಿ ಕೆನೆಗಟ್ಟಿದರೂ ಸಿದ್ದಾರೂಢ ಮಂಚದ ಕೆಳಗಿಂದ ಈಚೆ ಬರಲಿಲ್ಲ. ಬಿಟಿಎಂ ಲೇಔಟಿನ ಆ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಅವನ ರೈಲ್ವೆ ಇಲಾಖೆಗೆ ಮಂಜೂರಾಗಿದ್ದ ಜಾಗ ಅಷ್ಟೇ: ರೊಟ್ಟಿ ಡಬ್ಬಿಗೂ ಹಾಸಿಗೆ ಗಂಟಿಗೂ ನಡುವೆ, ಮೊಟ್ಟೆಯಾಕಾರದ ಒಂದು ಸುತ್ತು ಹಳಿ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನ ಹಿಂದೆ ಇಂಜಿನ್ನುಗಳ ಕೂಗು ಕೇಳುತ್ತ ಬೆಳೆದವನು ಅವನು. ಈಗ ಒಂದು ವಿಮೆ ಕಂಪನಿಯಲ್ಲಿ ಕೂತು, ಯಾರ ಯಾರ ಕಾರು ಎಲ್ಲೆಲ್ಲಿ ನೆಗ್ಗಿದೆ ಅಂತ ಫೋಟೊ ನೋಡಿ ಬರೆಯುವುದು ಅವನ ಹೊಟ್ಟೆಪಾಡು. ವಾರಕ್ಕೊಂದು ದಿನ ಮಂಚದ ಕೆಳಗೆ ತೂರಿಕೊಂಡಾಗಷ್ಟೇ ಅವನು ಮನುಷ್ಯನಾಗುತ್ತಿದ್ದ.

ಗೇಣುದ್ದದ ಆ ಮಾದರಿ ಡೀಸೆಲ್ ಇಂಜಿನ್ನಿನ ಹೊಟ್ಟೆ ಬಿಚ್ಚಿ, ಹಿಂದಿನ ರಾತ್ರಿಯೇ ಹಳಿಯಲ್ಲಿ ಬರುವ ಆಜ್ಞೆ ಓದುವ ಉಗುರಿನಗಲದ ಡಿಕೋಡರನ್ನೂ ಷರ್ಟಿನ ಗುಂಡಿಯಂಥ ಸ್ಪೀಕರನ್ನೂ ಒಳಗೆ ಕೂರಿಸಿದ್ದ. ಕೈಯಲ್ಲಿರುವ ಕಂಟ್ರೋಲರಿನಲ್ಲಿ ಇಂಜಿನ್ನಿನ ನಂಬರು ಒತ್ತಿ ಹಾರ್ನ್ ಬಟನ್ ಅದುಮಿದರೆ, ನಿಜವಾದ ರೈಲಿಂದ ಹಿಡಿದಿಟ್ಟ ಸದ್ದು ಹೊರಡಬೇಕು. ಅವನು ಅದುಮಿದ. ಬಿಟ್ಟು ಅದುಮಿದ. ಹೆಬ್ಬೆರಳು ಕೆಂಪಾಯಿತೇ ಹೊರತು ಇಂಜಿನ್ನು ತುಟಿ ಪಿಟಕ್ಕೆನ್ನಲಿಲ್ಲ.

ಬರೀ ಹವ್ಯಾಸದ ಮಾತಾಗಿದ್ದರೆ ಮುಂದಿನ ಭಾನುವಾರ ನೋಡೋಣ ಅಂತ ಬಿಡಬಹುದಿತ್ತು. ಆದರೆ ತಾರಸಿಯ ಮೇಲಿನ ಒಂಟಿ ರೂಮು ಖಾಲಿಯಾಗಿತ್ತು. ಅದರ ಮೇಲೆ ಸಿದ್ದಾರೂಢನ ಕಣ್ಣು, ಕೀಲಿಕೈ ಮಾಲೀಕ ಬೋರಣ್ಣನ ಸೊಂಟದಲ್ಲಿ. ಹಿಂದೆ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದ ಬೋರಣ್ಣ ಈಗ ಬಾಡಿಗೆದಾರರನ್ನು ಬೆಳೆಯುತ್ತಿದ್ದ. ಸದ್ದಿಲ್ಲದ ಗಾಡಿ ಅಂದರೆ ಅವನಿಗೆ ಆಗದು. ಬ್ಯಾಟರಿ ಸ್ಕೂಟರಿನಲ್ಲಿ ಮನೆ ನೋಡಲು ಬಂದವರನ್ನು, ಹೆಜ್ಜೆ ಸದ್ದಿಲ್ಲದೆ ಬರುವವರು ಕಳ್ಳರು ಅಂತ ಗೇಟಿನಿಂದಲೇ ಸಾಗಹಾಕಿದ್ದ. ರೈಲಿನ ವಿಷಯದಲ್ಲೂ ಅವನದು ಅದೇ ಕಾನೂನು.

"ರೈಲು ಅಂದ್ಮೇಲೆ ಸದ್ದು ಮಾಡ್ಬೇಕು ಸಿದ್ದಣ್ಣ. ಭಾನುವಾರ ಸಂಜೆ ಆ ರೂಮಲ್ಲೇ ಕೂತ್ಕೊಂಡು ನೋಡ್ತೀನಿ. ಮಾಡಿದ್ರೆ ರೂಮು ನಿಮ್ದು. ಮಾಡ್ಲಿಲ್ಲ ಅಂದ್ರೆ ಅದು ಆಟದ್ ಸಾಮಾನು, ಸೋಮವಾರ ಬ್ಯಾಚುಲರ್ಸ್‌ಗೆ ಕೊಟ್ಬಿಡ್ತೀನಿ."

ಮನೆಯೊಳಗಿನ ಕಾನೂನು ಇನ್ನೂ ಬಿಗಿಯಾಗಿತ್ತು. ಹೆಂಡತಿ ರಾಜಶ್ರೀಗೆ ನೀರಿನ ಕೊಡ ಇಡಲು ಮಂಚದ ಕೆಳಗಿನ ಜಾಗ ಬೇಕಾಗಿತ್ತು. ರೂಮು ಸಿಕ್ಕರೆ ರೈಲು ತಾರಸಿಗೆ, ಸಿಗದಿದ್ದರೆ ಗದಗಿನಲ್ಲಿರುವ ಅವಳ ತಮ್ಮನ ಮಕ್ಕಳಿಗೆ. ಆ ಮಕ್ಕಳು ಹಿಂದಿನ ಸಲ ಒಂದು ಗೋಡೆ ಗಡಿಯಾರವನ್ನು ಎಷ್ಟು ಹೊತ್ತಿನಲ್ಲಿ ಬಿಡಿಬಿಡಿ ಮಾಡಿದ್ದರು ಅನ್ನುವುದು ಸಿದ್ದಾರೂಢನಿಗೆ ಚೆನ್ನಾಗಿ ನೆನಪಿತ್ತು.

ಕೊಡದ ಮಾತು ಸುಮ್ಮನೆ ಬಂದದ್ದಲ್ಲ. ಬೋರ್‌ವೆಲ್ ಬತ್ತಿ ಎಷ್ಟೋ ದಿನವಾಗಿತ್ತು. ಟ್ಯಾಂಕರ್ ಬಂದು ನೆಲದಡಿಯ ಸಂಪು ತುಂಬಿಸಿದರೆ ಕಟ್ಟಡಕ್ಕೆ ಸ್ನಾನ, ಇಲ್ಲದಿದ್ದರೆ ಪೌಡರ್. ಆ ಸಂದಿಗೆ ಟ್ಯಾಂಕರ್ ನುಗ್ಗುವಂತಿರಲಿಲ್ಲ. ತಿರುವಿನಾಚೆ ನಿಂತು ಒಂದು ಹಾರ್ನ್ ಹೊಡೆದು, ಗಡಗಡ ಅನ್ನುತ್ತ ಪೈಪಿನಲ್ಲಿ ನೀರು ಬಿಡುತ್ತಿತ್ತು. ಹಾಗಾಗಿ ಎಲ್ಲರ ಕಿವಿಯೂ ಸದಾ ಬೀದಿಯ ಕಡೆಗೇ. ಗುರುವಾರದಿಂದ ಯಾರು ಕೇಳಿದರೂ ಬೋರಣ್ಣ, "ಹೊರಟಿದೆ, ಸಿಲ್ಕ್ ಬೋರ್ಡಲ್ಲಿ ಸಿಕ್ಕಾಕೊಂಡಿದೆ" ಅನ್ನುತ್ತಿದ್ದ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕು ಗೊತ್ತಿದ್ದವರಾದ್ದರಿಂದ ಮೊದಲೆರಡು ದಿನ ಎಲ್ಲರೂ ನಂಬಿದರು. ಮೂರನೆಯ ದಿನದಿಂದ ಬೋರಣ್ಣ ಮೆಟ್ಟಿಲಲ್ಲಿ ಓಡಾಡುವುದನ್ನೇ ಬಿಟ್ಟಿದ್ದ.

ನೀರು ಬಂತಾ ಅಂತ ಕೇಳಲು ಮೊದಲು ಬಂದವರು ಕೆಳಗಿನ ಮಹಡಿಯ ಜಯಸಿಂಹ. ವಿದ್ಯುತ್ ಇಲಾಖೆಯಿಂದ ನಿವೃತ್ತರು. ಇಲಾಖೆ ಅವರನ್ನು ಬಿಟ್ಟರೂ ಜೇಬಿನ ಟೆಸ್ಟರ್ ಬಿಟ್ಟಿರಲಿಲ್ಲ. ಮಂಚದ ಕೆಳಗಿಂದ ಎರಡು ಕಾಲು ಚಾಚಿಕೊಂಡಿರುವುದನ್ನು ಕಂಡು, ವಿಷಯ ತಿಳಿದುಕೊಂಡು, ಇದು ಅರ್ಥಿಂಗ್ ಪ್ರಾಬ್ಲಮ್ಮು ಅಂತ ನಿಂತ ನಿಲುವಿನಲ್ಲೇ ತೀರ್ಪು ಕೊಟ್ಟರು. ಅವರ ಮಟ್ಟಿಗೆ ಮಿಕ್ಸಿ ಕೆಟ್ಟರೂ ಅರ್ಥಿಂಗು, ಮಳೆ ಬಾರದಿದ್ದರೂ ಅರ್ಥಿಂಗು. ಬೇಡ ಸಾರ್ ಅನ್ನುವಷ್ಟರಲ್ಲಿ ಬಗ್ಗಿ ಎರಡು ಹಳಿಗಳಿಗೂ ಅಡ್ಡಲಾಗಿ ಟೆಸ್ಟರ್ ಇಟ್ಟೇಬಿಟ್ಟರು. ಕಂಟ್ರೋಲರ್ ಕೀಂ ಅಂತ ಕಿರುಚಿ ಸ್ತಬ್ಧವಾಯಿತು. ದೀಪವೂ ಹೋಯಿತು.

"ನೋಡಿದ್ರಾ, ಸದ್ದು ಬಂತು" ಅಂದರು ಜಯಸಿಂಹ, ಎದ್ದು ನಿಂತು ಮಂಡಿ ಒರೆಸಿಕೊಳ್ಳುತ್ತ.

ಕಂಟ್ರೋಲರನ್ನು ಆರಿಸಿ ಹಾಕಿ ಮತ್ತೆ ದೀಪ ಬರಿಸುವಷ್ಟರಲ್ಲಿ ಎರಡನೆಯವನು ಬಂದ, ಎದುರು ಮನೆಯ ವಿಷ್ಣು. ಕಂಪ್ಯೂಟರ್ ಹುಡುಗ, ಲೋಕದ ಎಲ್ಲ ಕಾಯಿಲೆಗೂ ಅವನಲ್ಲಿ ಒಂದೇ ಮದ್ದು. ಕಂಟ್ರೋಲರ್ ಕಸಿದುಕೊಂಡು, "ರೀಸೆಟ್ ಹೊಡ್ದುಬಿಡಣ ಗುರು, ಎಲ್ಲಾ ಸರಿ ಹೋಗುತ್ತೆ" ಅಂತ ಪಟಪಟ ಒತ್ತಿದ. ಒತ್ತಿದ್ದೇ ತಡ, ಇದ್ದ ಓಟವೂ ಹೋಯಿತು. ಸಿದ್ದಾರೂಢ ಎಷ್ಟು ಕರೆದರೂ ಇಂಜಿನ್ನು ಮಿಸುಕಲಿಲ್ಲ. ವಿಷ್ಣು ಸ್ವಲ್ಪ ಹೊತ್ತು ಅದನ್ನು ನೋಡಿ, ಹಾಗಾದರೆ ಇದು ಹಾರ್ಡ್‌ವೇರ್ ಇಶ್ಯೂ, ನಮ್ಮ ಟೀಮಿಗೆ ಬರಲ್ಲ ಅಂತ ಹೇಳಿ ಊಟಕ್ಕೆ ಹೋದ.

ರೀಸೆಟ್ ಆದ ಇಂಜಿನ್ನು ತನಗಿಟ್ಟ ನಂಬರನ್ನು ಮರೆತು, ಕಾರ್ಖಾನೆಯವರು ಇಟ್ಟಿದ್ದ ಹಳೆಯ ನಂಬರು ಮೂರಕ್ಕೆ ಹೋಗಿಬಿಟ್ಟಿದೆ ಅಂತ ಸಿದ್ದಾರೂಢನಿಗೆ ಹೊಳೆಯುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಮೂರು ಅಂತ ಕರೆದ ಕೂಡಲೇ ಏನೂ ಆಗೇ ಇಲ್ಲವೆಂಬಂತೆ ಗುರ್ರನೆ ಹೊರಟಿತು. ಸದ್ದು ಮಾತ್ರ ಆಗಲೂ ಇಲ್ಲ.

ಅಷ್ಟರಲ್ಲಿ ಸುದ್ದಿ ಬೋರಣ್ಣನ ಹೆಂಡತಿ ಮುನಿಲಕ್ಷ್ಮಮ್ಮನ ಕಿವಿಗೂ ಬಿದ್ದಿತ್ತು. ಅವರು ಬರುವಾಗಲೇ ಕೈಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದರು. ಇಷ್ಟು ಜನ ಬಂದು ನೋಡಿದ ಮೇಲೆ ದೃಷ್ಟಿಯಾಗದೆ ಏನಾದೀತು ಅನ್ನುವುದು ಅವರ ಪ್ರಶ್ನೆ. ಇಂಜಿನ್ನನ್ನು ಮಂಚದ ಮೇಲೆ ಪೂರ್ವಾಭಿಮುಖವಾಗಿ ಕೂರಿಸಿ, ಇಳಿ ತೆಗೆದು, ಮೆಣಸಿನಕಾಯಿಯನ್ನು ಒಲೆಗೆ ಹಾಕಿದರು. ಘಾಟಿಗೆ ಇಡೀ ಮಹಡಿ ಕೆಮ್ಮಿತು. ಕೊನೆಗೆ ಇಂಜಿನ್ನಿನ ಮೂತಿಗೆ ಒಂದು ನಿಂಬೆಹಣ್ಣು ಕಟ್ಟಿ ಹೋದರು. ಮೊದಲ ತಿರುವಿನಲ್ಲೇ ನಿಂಬೆಹಣ್ಣಿನ ಭಾರಕ್ಕೆ ಇಂಜಿನ್ನು ಮಗುಚಿ ರೊಟ್ಟಿ ಡಬ್ಬಿಗೆ ಬಡಿಯಿತು.

"ನಾ ಈಗ ತಮ್ಮಗ ಫೋನ್ ಮಾಡ್ಲೇನ್ರಿ?" ಅಂತ ರಾಜಶ್ರೀ ಅಡುಗೆಮನೆಯಿಂದ ಕೇಳಿದಳು. ಸಿದ್ದಾರೂಢ ಕೆಮ್ಮುತ್ತಲೇ ಮತ್ತೆ ಮಂಚದ ಕೆಳಗೆ ತೂರಿದ.

ಬಿದ್ದ ಇಂಜಿನ್ನಿನ ನಿಂಬೆಹಣ್ಣು ಬಿಚ್ಚಿ ಮತ್ತೆ ಹಳಿಗೇರಿಸಿ, ಎಲ್ಲಿ ಪೆಟ್ಟಾಯಿತೋ ಅಂತ ಅದಕ್ಕೆ ಕಿವಿ ಹಚ್ಚಿದ. ಒಳಗೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗಾಯಿತು. ಹಾರ್ನ್ ಒತ್ತಿದ. ಸೊಳ್ಳೆ ಸ್ವಲ್ಪ ದೊಡ್ಡದಾಯಿತು. ಸಿದ್ದಾರೂಢ ತಲೆಗೆ ಕೈ ಹೊಡೆದುಕೊಂಡ. ಸದ್ದು ಬೆಳಗಿನಿಂದಲೂ ಬರುತ್ತಲೇ ಇತ್ತು! ಆ ಪುಟ್ಟ ಸ್ಪೀಕರಿಗೆ ಮುಚ್ಚಿದ ಒಂದು ಡಬ್ಬಿ ಬೇಕು. ಡಬ್ಬಿಯಿಲ್ಲದ ಸ್ಪೀಕರ್ ಅಂದರೆ ಬರೀ ಚರ್ಮವಿದ್ದು ಮೈಯಿಲ್ಲದ ಡೊಳ್ಳು. ಡಬ್ಬಿಯೂ ಜೊತೆಗೇ ಬಂದಿತ್ತು. ಪ್ಯಾಕಿಂಗಿನ ಪ್ಲಾಸ್ಟಿಕ್ಕು ಅಂದುಕೊಂಡು ಅವನೇ ಅದನ್ನು ಒಣ ಕಸಕ್ಕೆ ಹಾಕಿದ್ದ. ಬೇರೆ ಯಾವ ಕಸವನ್ನು ಬಿಟ್ಟರೂ ಕಸದ ಗಾಡಿಯವರು ಅದನ್ನು ಮಾತ್ರ ಬಿಡದೆ ಒಯ್ದಿದ್ದರು.

ಬೇರೆ ದೊಡ್ಡ ಸ್ಪೀಕರಾದರೂ ಸಿಕ್ಕೀತೇನೋ ಅಂತ ಕೆಳಗೋಡಿದ. ಜಯಸಿಂಹ ತಮ್ಮ ಹಳೆಯ ರೇಡಿಯೋದಿಂದ ಅಂಗೈಯಗಲದ ಒಂದು ಸ್ಪೀಕರ್ ಕಿತ್ತುಕೊಟ್ಟು, ಮೊದಲು ಅರ್ಥಿಂಗ್ ನೋಡಿಕೊಳ್ಳಿ ಅಂತ ಎಚ್ಚರಿಸಿದರು. ಇಂಜಿನ್ನು, ಒಂದಿಷ್ಟು ಹಳಿ, ವೈರು, ಕಂಟ್ರೋಲರ್ ಎಲ್ಲ ಬಾಚಿಕೊಂಡು ತಾರಸಿಗೆ ಹೋದರೆ ಬೋರಣ್ಣ ಆಗಲೇ ರೂಮಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಬಾಡಿಗೆದಾರರ ಕಣ್ಣಿಗೆ ಬೀಳದೆ ಕೂರಲು ಅವನಿಗೂ ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ.

ಹಳಿ ಜೋಡಿಸಿದ್ದಾಯಿತು, ಇಂಜಿನ್ನಿನ ಹೊಟ್ಟೆಯಿಂದ ವೈರು ಎಳೆದು ರೇಡಿಯೋ ಸ್ಪೀಕರಿಗೆ ಬೆಸೆದದ್ದಾಯಿತು. ಇದಕ್ಕೆ ಡಬ್ಬಿ ಎಲ್ಲಿಂದ ತರುವುದು? ಸಿದ್ದಾರೂಢ ಸುತ್ತ ನೋಡಿದ. ರೂಮಿನ ಪಕ್ಕದಲ್ಲೇ ಇಡೀ ಕಟ್ಟಡಕ್ಕೆ ನೀರು ಕೊಡಬೇಕಾಗಿದ್ದ ಕರಿ ಟ್ಯಾಂಕು, ಒಂದು ಹನಿ ನೀರಿಲ್ಲದೆ ಬಾಯಿ ತೆರೆದುಕೊಂಡು ನಿಂತಿತ್ತು. ಇದಕ್ಕಿಂತ ದೊಡ್ಡ ಡಬ್ಬಿ ಬೇಕೇ? ಸ್ಪೀಕರನ್ನು ಒಂದು ಹಲಗೆಯ ತೂತಿಗೆ ಕಟ್ಟಿ ಟ್ಯಾಂಕಿನ ಬಾಯಿಗೆ ಬೋರಲು ಹಾಕಿದ. ಶಿವಾ ಅಂದುಕೊಂಡು ಬಟನ್ ಒತ್ತಿದ.

ಮೊದಲು ಒಂದು ಕೆಮ್ಮು. ಆಮೇಲೆ ಗಡ್... ಗಡ್... ಗಡಗಡಗಡ ಅಂತ ದೊಡ್ಡ ಡೀಸೆಲ್ ಇಂಜಿನ್ನೊಂದು ಟ್ಯಾಂಕಿನೊಳಗೆ ಎದ್ದು ಕೂತಿತು. ವಿಷ್ಣುವಿನ ರೀಸೆಟ್ಟು ವಾಲ್ಯೂಮನ್ನೂ ತುತ್ತತುದಿಗೆ ಏರಿಸಿತ್ತು. ಕಾಲ ಕೆಳಗಿನ ನೆಲ ಜುಮ್ಮೆಂದಿತು. ಹಾರ್ನ್ ಒತ್ತಿದರೆ, ಭೋಂಽಽ ಅಂತ ಹೊರಟ ಕೂಗು ಖಾಲಿ ಪೈಪುಗಳಲ್ಲಿ ಇಳಿದು ಪ್ರತಿ ಮನೆಯ ನಲ್ಲಿಯಲ್ಲೂ ಮೊಳಗಿತು. ಸಿದ್ದಾರೂಢನ ಕಣ್ಣಲ್ಲಿ ನೀರು ಬಂತು. ಕ್ವಾರ್ಟರ್ಸಿನ ಹಿಂದಿನ ಗೋಡೆ ಹತ್ತಿ ನಿಂತಾಗ ಕೇಳುತ್ತಿದ್ದದ್ದು ಇದೇ ಕೂಗು, ಒಂದು ಕೂದಲೆಳೆಯೂ ಹೆಚ್ಚುಕಡಿಮೆಯಿಲ್ಲ. ಅವನಿಗೆ ಬೋರಣ್ಣನನ್ನು ಅಪ್ಪಿಕೊಳ್ಳಬೇಕೆನಿಸಿತು.

ಕುರ್ಚಿಯಲ್ಲಿ ಬೋರಣ್ಣನಿರಲಿಲ್ಲ. ತಾರಸಿಯ ಗೋಡೆಗೆ ಹೊಟ್ಟೆ ಒತ್ತಿ, ಬೀದಿಗೆ ಬಗ್ಗಿ, "ಅಲ್ಲೇ ನಿಲ್ಸಪ್ಪಾ, ಪೈಪ್ ಎಳ್ಕೊ, ಪೈಪ್ ಎಳ್ಕೊ" ಅಂತ ಕಾಣದ ಡ್ರೈವರಿಗೆ ಕೈ ಬೀಸುತ್ತಿದ್ದ. ಅವನ ದನಿ ಕೇಳಿದ್ದೇ ತಡ, ಕಟ್ಟಡಕ್ಕೆ ಜೀವ ಬಂತು. ಬಾಗಿಲುಗಳು ದಡಬಡ ತೆರೆದವು. ಟ್ಯಾಂಕರ್ ಬಂತು ಅಂತ ಒಂದು ಮಹಡಿ ಇನ್ನೊಂದಕ್ಕೆ ಹೇಳಿತು. ತಿರುವಿನವರೆಗೆ ಹೋಗಿ ನೋಡುವ ತಾಳ್ಮೆ ಯಾರಿಗಿತ್ತು? ಅಡಗಿಸಿಟ್ಟಿದ್ದ ಬಕೆಟ್ಟು, ಕೊಡ, ಹಂಡೆಗಳೆಲ್ಲ ಆಗಲೇ ಬಚ್ಚಲಿಗೆ ಬಂದಿದ್ದವು. ಇನ್ನೇನು ಹೊಸ ನೀರು ಬಂತಲ್ಲ, ಹಳೆಯದನ್ನು ಕಾಪಾಡಿ ಏನಾಗಬೇಕು ಅಂತ ಬಟ್ಟೆಗೆ ಸುರಿದವರು ಬಟ್ಟೆಗೆ, ತಲೆಗೆ ಸುರಿದವರು ತಲೆಗೆ. ವಿಷ್ಣು ಕಾರನ್ನೇ ತೊಳೆಯತೊಡಗಿದ.

ಬೋರಣ್ಣ ಹಿಂದಕ್ಕೆ ತಿರುಗಿದ. ಟ್ಯಾಂಕು ನೋಡಿದ, ಹಳಿಯ ಮೇಲಿನ ಇಂಜಿನ್ನು ನೋಡಿದ. ಹಲವು ದಿನಗಳಲ್ಲಿ ಮೊದಲ ಸಲ ಕೆಳಗಿನಿಂದ ಯಾರೂ ಅವನನ್ನು ಬೈಯುತ್ತಿರಲಿಲ್ಲ. ಯಾರೋ "ಥ್ಯಾಂಕ್ಸ್ ಬೋರಣ್ಣ" ಅಂತಲೂ ಕೂಗಿದರು. ಅವನು ಮೆಲ್ಲಗೆ ಹತ್ತಿರ ಬಂದು, ಸೊಂಟದಿಂದ ಕೀಲಿಕೈ ಬಿಚ್ಚಿ ಸಿದ್ದಾರೂಢನ ಅಂಗೈಯಲ್ಲಿಟ್ಟು, ಆ ಅಂಗೈಯನ್ನು ತನ್ನ ಕೈಯಲ್ಲೇ ಮುಚ್ಚಿದ.

"ರೂಮು ನಿಮ್ದು. ದಿನಾ ಬೆಳಿಗ್ಗೆ ಒಂದ್ಸಲ ಕೂಗ್ಸಿ ಸಾಕು, ಮಳೆ ಬರೋಗಂಟ. ಉಳಿದಿದ್ದು ನಾನ್ ನೋಡ್ಕೊತೀನಿ."

"ನೀರೇ ಬರಲಿಲ್ಲಲ್ರಿ ಬೋರಣ್ಣ..."

"ನೀರು ಬರ್ಬೇಕಾದಾಗ ಬರುತ್ತೆ. ಬರ್ತಾ ಇದೆ ಅನ್ನೋ ಧೈರ್ಯ ದಿನಾ ಬೇಕಲ್ವಾ ಜನಕ್ಕೆ? ನೋಡಿ ಕೆಳಗೆ, ಎಷ್ಟ್ ಖುಷಿಯಾಗವ್ರೆ. ಆದ್ರೆ ಒಂದು. ಈ ಇಂಜಿನ್ನು ಸದ್ದು ಮಾಡುತ್ತೆ ಅಂತ ಒಂದು ನರಪಿಳ್ಳೆಗೂ ಗೊತ್ತಾಗ್ಬಾರ್ದು. ಗೊತ್ತಾದ ದಿನ ರೂಮು ಖಾಲಿ, ಮನೇನೂ ಖಾಲಿ."

ಹೆಂಡತಿಗೆ ಹೇಳಬಹುದೇನೋ ಅಂತ ಸಿದ್ದಾರೂಢ ಕೇಳಿದ. ಮೊದಲು ಮುಚ್ಚಿಡಬೇಕಾದದ್ದೇ ಅವರಿಂದ ಅಂದ ಬೋರಣ್ಣ. ಹೇಳಿದವನೇ ಮತ್ತೆ ಗೋಡೆಗೆ ಬಗ್ಗಿ, ಸಂಪು ತುಂಬುತ್ತಿದೆ, ಇನ್ನೊಂದು ಗಂಟೆಯಲ್ಲಿ ಮೋಟರ್ ಹಾಕುತ್ತೇನೆ ಅಂತ ಪ್ರಕಟಣೆ ಕೊಟ್ಟ.

ಮೆಟ್ಟಿಲಲ್ಲಿ ತಲೆತುಂಬ ಸೋಪಿನ ನೊರೆ ಹೊತ್ತು, ಟವೆಲ್ ಸುತ್ತಿಕೊಂಡ ಜಯಸಿಂಹ ಎದುರಾದರು. ಮೋಟರ್ ಹಾಕಿದರಾ ಅಂತ ಕೇಳಲು ಹೊರಟಿದ್ದರು. ಸಿದ್ದಾರೂಢನನ್ನು ಕಂಡು, ಸ್ಪೀಕರ್ ಏನಾಯಿತು ಅಂದರು. ಅವನು ಕೀಲಿಕೈಯನ್ನು ಜೇಬಿಗಿಳಿಸಿ, ಇಲ್ಲ ಸಾರ್, ಸದ್ದು ಬರಲಿಲ್ಲ ಅಂದ. "ನಾನ್ ಬೆಳಿಗ್ಗೇನೇ ಹೇಳ್ದೆ, ಅರ್ಥಿಂಗು" ಅಂತ ಅವರು ನೊರೆಯೊಳಗಿಂದ ಕನಿಕರದಿಂದ ನಕ್ಕರು.

ಮನೆಯಲ್ಲಿ ರಾಜಶ್ರೀ ಇದ್ದೆರಡು ಕೊಡವನ್ನೂ ಸುರಿದು, ಕೌದಿ, ಪರದೆ, ಅವನ ಆಫೀಸಿನ ಅಷ್ಟೂ ಷರ್ಟುಗಳನ್ನು ಸೋಪಿನಲ್ಲಿ ನೆನೆಹಾಕಿ ಸೆರಗಿಗೆ ಕೈ ಒರೆಸುತ್ತ ನಿಂತಿದ್ದಳು. ಮುಖದಲ್ಲಿ ಹಬ್ಬದ ಕಳೆಯಿತ್ತು. ಕೀಲಿಕೈ ತೋರಿಸಿದ. ಸದ್ದು ಬಂತೇನ್ರಿ ಅಂದಳು. ಇಲ್ಲ, ಬೋರಣ್ಣನೇ ಪಾಪ ಅಂತ ಕೊಟ್ಟ ಅಂದ.

ರಾಜಶ್ರೀಗೆ ನಿಜವಾಗಿಯೂ ಕನಿಕರವಾಯಿತು. ಎಂಥ ದೊಡ್ಡ ಮನಸ್ಸಿನ ಮನುಷ್ಯ, ಅಂಥವರನ್ನು ಇಷ್ಟು ದಿನ ಬೈದುಕೊಂಡೆವಲ್ಲ ಅಂತ ಬೋರಣ್ಣನನ್ನು ಹೊಗಳಿದಳು. ಆಮೇಲೆ ಗಂಡನ ಭುಜದ ಮೇಲೆ ಕೈಯಿಟ್ಟಳು.

"ಹೋಗ್ಲಿ ಬಿಡ್ರಿ, ಎಲ್ಲಾರಿಗೂ ಎಲ್ಲಾ ಬರೂದಿಲ್ಲ. ಆದ್ರ ಆ ಟ್ಯಾಂಕರಿನ ಹಾರ್ನ್ ಕೇಳಿದ್ರಿಲ್ಲೋ? ಹುಬ್ಬಳ್ಳಿ ಸ್ಟೇಶನ್ನಿನಾಗ ನಿಂತಂಗಾತು ನನಗ. ಹಾರ್ನ್ ಅಂದ್ರ ಹಂಗಿರಬೇಕ್ ನೋಡ್ರಿ. ನಾಳೆ ಆ ಟ್ಯಾಂಕರಿನವ ಬಂದಾಗ ಸ್ವಲ್ಪ ಕೇಳ್ರಿ, ನಿಮ್ಮ ಇಂಜಿನ್ನಿಗೂ ಒಂದು ಅಂಥಾದ್ದ ಹಾಕಿಕೊಡ್ತಾನೇನ."

ಸಿದ್ದಾರೂಢ ಕೇಳ್ತೀನಿ ಅಂದ. ಬಚ್ಚಲಿನಲ್ಲಿ ಅವಳು ಆಗಲೇ ನಲ್ಲಿ ತಿರುಗಿಸಿಟ್ಟು ಬಂದಿದ್ದಳು. ಅದರಿಂದ ಗಾಳಿ ಬರುತ್ತಿತ್ತು. ಖಾಲಿ ಕೊಡಗಳೆರಡನ್ನೂ ಎತ್ತಿಕೊಂಡು, ಯಾಕ್ರಿ ಅಂತ ಅವಳು ಕೇಳುವ ಮೊದಲೇ, ಅವನು, ಬೋರ್‌ವೆಲ್ ಇನ್ನೂ ಬತ್ತದಿದ್ದ ಪಕ್ಕದ ಕಟ್ಟಡದ ಮಾಲೀಕ ಬೈಲಪ್ಪನ ಗೇಟಿನ ಕಡೆ ನಡೆದ.