ನನ್ನ ಹಲ್ಲಿನ ಗೀರು ಮುಚ್ಚಿದ ಡಾಕ್ಟರು

ಕೂದಲು ಕತ್ತರಿಸಿದರೆ ಬೆಳೆಯುತ್ತದೆ. ಉಗುರು ತೆಗೆದರೆ ವಾರದೊಳಗೆ ಮತ್ತೆ ಹಾಜರಾಗುತ್ತದೆ. ಯಾವ ಕೆಲಸಕ್ಕೂ ಬಾರದ ಗಡ್ಡವಂತೂ ಬೇಡವೆಂದರೂ ದಿನ ಬೆಳಗಾದರೆ ಬಂದು ನಿಂತಿರುತ್ತದೆ. ಆದರೆ ದಿನಾ ಜೋಳದ ರೊಟ್ಟಿ ಕಡಿಯಬೇಕಾದ ಹಲ್ಲು ಮಾತ್ರ ಒಮ್ಮೆ ಸವೆದರೆ ಸವೆಯಿತು, ಮತ್ತೆ ಬರುವುದಿಲ್ಲ! ಇದೆಂಥ ನ್ಯಾಯ? ಈ ದೇಹದ ನಕ್ಷೆ ಮಾಡಿದವನು ಎದುರಿಗೆ ಸಿಕ್ಕರೆ ನಾನು ಕೈಮುಗಿಯುವ ಮೊದಲು ಈ ಒಂದು ಮಾತು ಕೇಳದೆ ಬಿಡುವುದಿಲ್ಲ. ಸಿಟ್ಟು ಬಂದರೆ ಬರಲಿ. ನನಗೂ ಬಂದಿದೆ, ಬಂದು ಎಷ್ಟೋ ವರ್ಷವಾಯಿತು, ಇನ್ನೂ ಇಳಿದಿಲ್ಲ.

ನಮ್ಮದು ನಾರಾಯಣಪೇಟೆಯಲ್ಲಿ ಸೀರೆ ನೇಯುವ ಮನೆತನ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಾಸಿನ ಎಳೆ ಹರಿಯುತ್ತಲೇ ಇರುತ್ತದೆ. ಹರಿದ ಎಳೆಗೆ ಗಂಟು ಹಾಕಿ, ಗಂಟಿನ ಬಾಲವನ್ನು ನೂಲಿನ ಮಟ್ಟಕ್ಕೆ ಬುಡದಲ್ಲೇ ಕಡಿಯಬೇಕು. ಬಾಲ ಉಳಿದರೆ ಸೀರೆಯ ಮೇಲೆ ಗುಳ್ಳೆ ಎದ್ದ ಹಾಗೆ ಕಾಣುತ್ತದೆ. ಈ ಬಾಲ ಕಡಿಯುವುದಕ್ಕೆ ನಮ್ಮ ಅಜ್ಜ ಕತ್ತರಿ ಮುಟ್ಟಿದವನಲ್ಲ. "ಕಬ್ಬಿಣದ ಬಾಯಿಗೆ ಗಂಟಿನ ಬಾಲ ಯಾವುದು, ಹಾಸಿನ ಎಳಿ ಯಾವುದು ಅಂತ ತಿಳೀತೈತೇನಲೇ?" ಎನ್ನುತ್ತಿದ್ದ. ಹಾಗಾಗಿ ನಮ್ಮ ಮನೆಯ ಮಗ್ಗದ ಕೋಣೆಗೆ ಕತ್ತರಿ ಬರುವಂತಿಲ್ಲ. ಅಜ್ಜ ಹಲ್ಲಿನಿಂದ ಕಡಿದ, ಅಪ್ಪ ಹಲ್ಲಿನಿಂದ ಕಡಿದ, ನಾನೂ ಕಡಿದೆ. ಒಂದೇ ಜಾಗದಲ್ಲಿ ನೂಲು ಎಳೆದೆಳೆದು ನನ್ನ ಮೇಲಿನ ಮುಂಬಲ್ಲಿನ ಅಂಚಿನಲ್ಲಿ ಒಂದು ಗೀರು ಬಿದ್ದಿತ್ತು. ಎಳೆಯನ್ನು ಅದರಲ್ಲಿ ಕೂರಿಸಿ ದವಡೆ ಒಂದಿಷ್ಟು ಅಲುಗಿಸಿದರೆ ಸಾಕು, ಟಕ್! ಮನೆಗೆ ಬಂದವರಿಗೆಲ್ಲ ತುಟಿ ಎತ್ತಿ ಆ ಗೀರು ತೋರಿಸುತ್ತಿದ್ದೆ. ಬೇರೆಯವರು ಕಡಗ ತೋರಿಸುತ್ತಾರೆ, ಉಂಗುರ ತೋರಿಸುತ್ತಾರೆ. ನಾನು ಗೀರು ತೋರಿಸುತ್ತಿದ್ದೆ.

ನನ್ನ ಹೆಂಡತಿ ಶಂಕ್ರಮ್ಮನ ಕಡಿತ ನನಗಿಂತ ಚೊಕ್ಕ. ಸುಳ್ಳೇಕೆ ಹೇಳಲಿ? ಅವಳು ಗದ್ವಾಲದ ನೇಕಾರರ ಮಗಳು. ಸೆರಗಿನ ಕುಚ್ಚು ಕಟ್ಟಿ ತುದಿ ಕಡಿದಳೆಂದರೆ ಗೆರೆ ಎಳೆದ ಹಾಗೆ ಸಮ. ಒಂದೇ ಒಂದು ವಿಚಿತ್ರವೆಂದರೆ, ಎಳೆ ಕಡಿಯುವಾಗ ಸೆರಗನ್ನು ಮುಖದ ತುಂಬ ಎಳೆದುಕೊಂಡು ಬಗ್ಗುವಳು. ಗಂಡಸರ ಮುಂದೆ ಹಲ್ಲು ಕಾಣಿಸಬಾರದೆಂಬ ಮರ್ಯಾದೆ ಎಂದು ನಾನು ತಿಳಿದಿದ್ದೆ. ಸೀರೆ ಕೊಳ್ಳಲು ಬಂದವರ ಮುಂದೆ ಅವಳು ಕಡಿದ ತುದಿಗಳನ್ನು ಹರವಿ, "ನೋಡ್ರೀ, ಹಲ್ಲಿನ ಕೆಲಸ. ಯಾವ ಕತ್ತರಿ ಹಿಂಗ ಕಡೀತೈತಿ ತೋರಸ್ರಿ!" ಎಂದು ಸವಾಲು ಹಾಕುತ್ತಿದ್ದೆ. ಅವಳು ಒಳಗೆ ಹೋಗಿಬಿಡುತ್ತಿದ್ದಳು. ಹೊಗಳಿಕೆಗೆ ನಾಚಿಕೊಂಡಳು ಎಂದುಕೊಳ್ಳುತ್ತಿದ್ದೆ.

ಅವಳ ಇನ್ನೊಂದು ಹಟವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪೊಲೀಸ್ ಆಕ್ಷನ್ನಿಗೆ ಮುಂಚಿನ ಬೇಸಿಗೆಯಲ್ಲಿ ರಜಾಕಾರರ ಹೆದರಿಕೆ ಹೆಚ್ಚಾಗಿ ನಾವು ಮನೆಗೆ ಬೀಗ ಹಾಕಿ ಹೊರಟೆವು. ಮಕ್ತಲ್ ದಾಟಿ, ಗದ್ವಾಲದಲ್ಲಿ ಅವಳ ತವರಿನಲ್ಲಿ ಎರಡು ದಿನ ಇದ್ದು, ರಾಜೋಳಿಯ ಹತ್ತಿರ ತುಂಗಭದ್ರೆ ದಾಟಿ ಕರ್ನೂಲಿನ ಕಡೆ ಹೋದರೆ ನಿಜಾಮನ ಸೀಮೆ ಮುಗಿಯುತ್ತದೆ. ನಾನು ಮಗ್ಗದ ಹಣಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಕೂಸಿನ ಹಾಗೆ ಎತ್ತಿಕೊಂಡಿದ್ದೆ. ಅವಳು ತನ್ನ ಎಲೆ ಅಡಿಕೆಯ ಸಂಚಿಯನ್ನು ಸೊಂಟಕ್ಕೆ ಬಿಗಿದುಕೊಂಡಿದ್ದಳು. ಹೊಳೆಯ ದಂಡೆಯ ಸುಂಕದ ಕಟ್ಟೆ, ಕರೋಡಗಿರಿ ನಾಕಾದಲ್ಲಿ ಸಾಮಾನು ಜಡತಿ ಮಾಡುವವರು ಪಾತ್ರೆ ಪಡಗ, ಹಾಸಿಗೆಯ ಸುರುಳಿ, ಎಲ್ಲ ಬಿಚ್ಚಿಸಿದರು. ಸಂಚಿಗೆ ಕೈ ಹಾಕಲು ಬಂದಾಗ ಇವಳು, "ಹೆಂಗಸರ ಸಂಚೀಗೆ ಕೈ ಹಾಕ್ತೀರೇನು? ನಿಮ್ಮ ಮನ್ಯಾಗ ತಾಯಿ ಇಲ್ಲೇನು?" ಎಂದು ಎಂಥ ಬಾಯಿ ಮಾಡಿದಳೆಂದರೆ ಬಂದೂಕು ಹಿಡಿದವನೇ ಎರಡು ಹೆಜ್ಜೆ ಹಿಂದೆ ಸರಿದ. ಬಂಗಾರ ಇಟ್ಟಿರಬೇಕು, ಜಾಣೆ ಎಂದುಕೊಂಡೆ. ಆಮೇಲೆ ಕೇಳಿದರೆ, "ಎಲಿ ಅಡಕಿ ಐತಿ, ಸುಣ್ಣ ಐತಿ, ಮತ್ತೇನಿರತೈತಿ?" ಎಂದಳು. ನಾನು ನಂಬಿದೆ.

ಸರ್ಕಾರ ಬದಲಾಯಿತು, ಊರಿಗೆ ಮರಳಿದೆವು, ಮಗ್ಗ ಮತ್ತೆ ನಡೆಯಿತು. ಮರುವರ್ಷ ಅವಳ ಅಣ್ಣ ತಿಮ್ಮಪ್ಪ ತನ್ನ ಮಗಳ ಮದುವೆಯ ಸೀರೆಯನ್ನು ನನ್ನ ಕೈಯಿಂದಲೇ ನೇಯಿಸಬೇಕೆಂದು ಹಟ ಹಿಡಿದ. ಸೀರೆಗೇ ಹೆಸರಾದ ಗದ್ವಾಲದವನು ನಾರಾಯಣಪೇಟೆಗೆ ಬಂದು ಸೀರೆ ಕೇಳುವುದೆಂದರೆ ಸಣ್ಣ ಮಾತೇ? ನಾನು ಉಬ್ಬಿಹೋದೆ. ಅರ್ಧ ಸೀರೆ ನೇಯ್ದಿದ್ದೆ, ಮದುವೆಗೆ ಹದಿನೈದು ದಿನ ಉಳಿದಿತ್ತು, ಆಗ ಕೈಕೊಟ್ಟಿತು ನೋಡಿ ಆ ಮುಂಬಲ್ಲು. ತಣ್ಣೀರು ತಾಗಿದರೆ ನೆತ್ತಿಯವರೆಗೆ ಝುಮ್. ನೂಲು ತಾಗಿದರೆ ಕಣ್ಣಲ್ಲಿ ನೀರು. ಎಳೆ ಹರಿಯುತ್ತದೆ, ಗಂಟು ಹಾಕುತ್ತೇನೆ, ಬಾಲ ಕಡಿಯಲಾಗುವುದಿಲ್ಲ. ಹೆಂಡತಿಯನ್ನು ಕಡಿಯಲು ಕರೆಯುವುದಕ್ಕೆ ಅಭಿಮಾನ ಬಿಡಲಿಲ್ಲ, ಮಗ್ಗ ನಿಂತಿತು.

ಹಲ್ಲಿನ ಆರೈಕೆಯಲ್ಲಿ ನಾನೇನು ಕಡಿಮೆ ಮಾಡಿದವನೇ? ಇಟ್ಟಿಗೆ ಕುಟ್ಟಿ, ಉಪ್ಪು ಬೆರೆಸಿ, ಹೆಂಡತಿಯ ಕೈ ನೋಯುವಂತೆ ಸೋಸಿಸಿ, ಪಾತ್ರೆ ಬೆಳಗಿದ ಹಾಗೆ ತಿಕ್ಕುತ್ತಿದ್ದೆ. ಹುಣಸೆಹಣ್ಣು ಚೀಪಿದ ಕೂಡಲೇ ಹಲ್ಲು ಜುಮುಗುಟ್ಟಿದರೆ ಮತ್ತೊಮ್ಮೆ ತಿಕ್ಕುತ್ತಿದ್ದೆ. ಇಷ್ಟು ಸೇವೆ ಮಾಡಿಸಿಕೊಂಡು ಹೀಗೆ ಮಾಡುವುದೇ? ಮೊದಲು ಮಕ್ತಲ್ ಸಂತೆಯ ಹಲ್ಲು ಕೀಳುವವನ ಹತ್ತಿರ ಹೋದೆ. ಅವನು ತಾನು ಕಿತ್ತ ಹಲ್ಲುಗಳನ್ನೆಲ್ಲ ಕೆಂಪು ಬಟ್ಟೆಯ ಮೇಲೆ ಒಣ ಹಾಕಿಕೊಂಡು ಕೂತಿದ್ದ. "ಬಾಯಿ ತಗೀರಿ. ಏಕ್ ಝಟಕಾ, ಬಸ್" ಎಂದು ಇಕ್ಕಳ ತೆಗೆದ. ನನ್ನ ಗೀರಿನ ಹಲ್ಲು ಆ ಬಟ್ಟೆಯ ಮೇಲೆ ಅನಾಥವಾಗಿ ಬಿದ್ದಿರುವುದು ಕಣ್ಣಿಗೆ ಕಟ್ಟಿತು. ಚಪ್ಪಲಿ ಅಲ್ಲೇ ಬಿಟ್ಟು ಓಡಿಬಂದೆ. ಚಪ್ಪಲಿ ಹೊಸವು, ಆ ಸಿಟ್ಟೂ ಇನ್ನೂ ಇದೆ.

ಆ ದಿನಗಳಲ್ಲಿ ನಮ್ಮೂರ ದವಾಖಾನೆಗೆ ವಾರಕ್ಕೊಮ್ಮೆ ಧಾರವಾಡದ ಕಡೆಯ ಹಲ್ಲಿನ ಡಾಕ್ಟರೊಬ್ಬರು ಬರುತ್ತಿದ್ದರು. ಕನ್ನಡಿ ಹಚ್ಚಿದ ಕಡ್ಡಿಯಿಂದ ಬಾಯೆಲ್ಲ ತಿರುವಿ ನೋಡಿ, "ಏನು ಹಚ್ಚಿ ತಿಕ್ತೀರಿ?" ಎಂದರು. "ಇಟ್ಟಂಗಿ ಪುಡಿರೀ" ಎಂದೆ, ಹೆಮ್ಮೆಯಿಂದ.

"ನಿಮ್ಮ ಮನ್ಯಾಗ ಎನಾಮೆಲ್ ತಾಟು ಐತೇನು?"

"ಐತಿರೀ."

"ಅದರ ಮ್ಯಾಲಿನ ಬಿಳಿ ಲೇಪ ಹೋದ್ರ ಏನಾಗತೈತಿ?"

"ತುಕ್ಕು ಹಿಡೀತೈತಿರೀ."

"ಹಲ್ಲಿನ ಮ್ಯಾಲೂ ಅಂಥದ ಲೇಪ ಐತಿ. ಎಲುಬಿಗಿಂತ ಗಟ್ಟಿ. ಅದನ್ನ ನೀವು ದಿನಾ ಇಟ್ಟಂಗಿ ಹಚ್ಚಿ ಕೆರದು ತಗದೀರಿ. ಹುಳಿ ತಿಂದ ಕೂಡಲೇ ಲೇಪ ಮೆತ್ತಗ ಆಗಿರತೈತಿ, ಆಗ ಬರೇ ನೀರಿಲೆ ಬಾಯಿ ಮುಕ್ಕಳಿಸಿ ಸುಮ್ನಿರಬೇಕು. ನೀವು ಆಗಲೂ ತಿಕ್ಕೀರಿ. ಹೋಗಿದ್ದು ತಿರುಗಿ ಬೆಳಿಯಂಗಿಲ್ಲ. ಇನ್ನ ಮ್ಯಾಲೆ ಬೇವಿನ ಕಡ್ಡಿ ಮೆತ್ತಗ ಅಗದು ಹಗೂರಕ ಆಡಸ್ರಿ, ಸಾಕು."

ಮೂವತ್ತು ವರ್ಷದ ಶ್ರದ್ಧೆಯನ್ನು ಹೀಗೆ ಒಂದೇ ಮಾತಿನಲ್ಲಿ ಕೆರೆದು ಹಾಕಿದರು. ನನಗೆ ಮೈ ಉರಿಯಿತು. ಬಾಯಿ ತೆರೆದಿದ್ದರಿಂದ ಉತ್ತರ ಕೊಡಲಾಗಲಿಲ್ಲ. ಡಾಕ್ಟರುಗಳೆಲ್ಲ ವಾದ ಮಾಡುವುದು ನಾವು ಬಾಯಿ ತೆರೆದು ಕೂತಾಗಲೇ, ಗಮನಿಸಿದ್ದೀರಾ?

ಮೊದಲು ಹಲ್ಲಿನ ಬುಡ ಕೆರೆದು ಕ್ಲೀನ್ ಮಾಡಿದರು. ಚೂರು ಚೂರು ಉದುರಿದಾಗ ಹಲ್ಲೇ ಒಡೆದರೆಂದು ಕೂಗಿಕೊಂಡೆ. "ಹಲ್ಲಲ್ಲೋ ಮಾರಾಯಾ, ಹಲ್ಲಿಗೆ ಕಟ್ಟಿದ ಗಾರಿ" ಎಂದರು. ಆಮೇಲೆ ಕಾಲಿನಿಂದ ತುಳಿಯುವ ಒಂದು ಯಂತ್ರ ಎಳೆದುಕೊಂಡರು. ಕೆಳಗೆ ತುಳಿದರೆ ಮೇಲೆ ಸೂಜಿ ಗರ ಗರ ತಿರುಗುತ್ತದೆ. ತುಳಿಯುವ ವಿದ್ಯೆ ನನಗೆ ಹೇಳಿಕೊಡಬೇಕೇ? ಹುಟ್ಟಿದಾಗಿನಿಂದ ಮಗ್ಗದ ಗುಂಡಿಯಲ್ಲಿ ತುಳಿದವನು. ಅವರ ಕಾಲು ಒಮ್ಮೆ ಜೋರು, ಒಮ್ಮೆ ನಿಧಾನ. ಹೀಗೆ ತುಳಿದರೆ ನಮ್ಮಲ್ಲಿ ಸೀರೆ ಅಲ್ಲ, ಸಾಣಿಗೆ ಬಟ್ಟೆಯೂ ಆಗುವುದಿಲ್ಲ. ಬಾಯಿಂದ ಅವರ ಕೈ ಸರಿಸಿ, "ಕಾಲು ಬರೋಬ್ಬರಿ ಇಲ್ರೀ, ಹಿಮ್ಮಡಿ ಮ್ಯಾಲೆ ಭಾರ ಬಿಡ್ರಿ" ಎಂದೆ. ಡಾಕ್ಟರು ನನ್ನನ್ನು ನೋಡಿದರು, ಮತ್ತೆ ತುಳಿದರು, ನಿಜ ಹೇಳುತ್ತೇನೆ, ಆಮೇಲೆ ಅಷ್ಟು ನೋಯಲಿಲ್ಲ. ಆದರೆ ಒಪ್ಪಿಕೊಂಡರೇ? ಇಲ್ಲ! ಕೆಲಸ ಮಾಡುತ್ತಲೇ ವಿವರ ಕೊಟ್ಟರು. ಸವೆತ ಇಷ್ಟಕ್ಕೇ ನಿಂತರೆ ಸಿಮೆಂಟಿನಂಥ ಮಸಾಲೆ ತುಂಬಿದರೆ ಸಾಕು. ಒಳಗಿನ ನರದವರೆಗೆ ಹೋದರೆ ನರ ತೆಗೆದು, ಬೇರಿನ ಕೊಳವೆ ತುಂಬಿ, ಮೇಲೊಂದು ಟೋಪಿ ಹಾಕಬೇಕು. ಕೀಳುವುದು ಕಟ್ಟಕಡೆಯ ಮಾತು. "ನಿಮ್ಮದು ನರದ ಬಾಗಲಿಗೆ ಬಂದು ನಿಂತೈತಿ. ಇನ್ನ ಹಲ್ಲಿಲೆ ನೂಲು ಕಡಿಬ್ಯಾಡ್ರಿ. ಕಡದ್ರ ಹಲ್ಲು ಹೋಗತೈತಿ, ಆಮ್ಯಾಲೆ ನನ್ನ ಕೇಳಬ್ಯಾಡ್ರಿ" ಎಂದರು.

ನೋವು ನಿಂತಿತ್ತು. ಸಂತೋಷದಿಂದ ಮನೆಗೆ ಬಂದು ಮಗ್ಗಕ್ಕೆ ಇಳಿದೆ. ಎಳೆ ಹರಿಯಿತು. ಗಂಟು ಹಾಕಿದೆ. ಡಾಕ್ಟರ ಮಾತು ಅವರ ಹತ್ತಿರ ಇರಲಿ ಎಂದು ಬಗ್ಗಿ ಹಲ್ಲಿಗೆ ಕೊಟ್ಟೆ. ಎಳೆ ಜಾರಿತು! ಮತ್ತೆ ಕೊಟ್ಟೆ. ಜಜ್ಜಿ ನಾರು ನಾರಾಯಿತೇ ಹೊರತು ತುಂಡಾಗಲಿಲ್ಲ. ನಾಲಗೆಯಿಂದ ತಡವಿ ನೋಡುತ್ತೇನೆ, ಗೀರು ಇಲ್ಲ! ಆ ಪುಣ್ಯಾತ್ಮರು ಮಸಾಲೆ ಮೆತ್ತಿ, ಉಜ್ಜಿ, ನುಣ್ಣಗೆ ಗೋಡೆ ಮಾಡಿಬಿಟ್ಟಿದ್ದರು. ಇಪ್ಪತ್ತು ವರ್ಷ ಕೂತು ತಯಾರಿಸಿದ ನನ್ನ ಹತಾರ! ನನ್ನನ್ನು ಒಂದು ಮಾತು ಕೇಳಿದರೇ?

ಮುಂದಿನ ವಾರ ದವಾಖಾನೆಯ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. "ನನ್ನ ಗೀರು ನನಗ ತಿರುಗಿ ಕೊಡ್ರಿ" ಎಂದೆ. ಡಾಕ್ಟರು ಮೊದಲು ನಕ್ಕರು, ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಮಂದಿ ತೂತು ಮುಚ್ಚರಿ ಅಂತ ಬರ್ತಾರ, ನೀವೊಬ್ರ ತಗೀರಿ ಅಂತ ಬಂದೀರಿ. ಒಂದು ಕತ್ತರಿ ತಗೋಬಾರದೇನು?" ಎಂದರು. ಕತ್ತರಿ! ನಮ್ಮ ಅಜ್ಜ ಕೇಳಿದ್ದರೆ ಏನಾಗುತ್ತಿತ್ತೋ. ನಾನು ಸಿಟ್ಟಿನಿಂದ ಹೊರಬಂದೆ. ಮದುವೆಗೆ ಆರು ದಿನ ಉಳಿದಿತ್ತು. ದಾರಿಯುದ್ದಕ್ಕೂ ಸಿಟ್ಟಿನ ಕೆಳಗೆ ಹೆದರಿಕೆ ಕುದಿಯುತ್ತಿತ್ತು. ಸೀರೆ ಮುಗಿಯದಿದ್ದರೆ ಆ ಹುಡುಗಿ ಏನು ಉಟ್ಟುಕೊಂಡು ಹಸೆಗೆ ಕೂರಬೇಕು? ಗದ್ವಾಲದಲ್ಲಿ ನಾನು ಯಾವ ಮುಖ ತೋರಿಸಲಿ?

ಮನೆಗೆ ಬಂದರೆ ಕಟ್ಟೆಯ ಮೇಲೆ ತಿಮ್ಮಪ್ಪ ಕೂತಿದ್ದ. "ಏಂ ಬಾವಾ, ಸೀರಿ ಎಲ್ಲಿಗೆ ಬಂತು?" ಎಂದ. ನಾನು ನಡೆದದ್ದನ್ನೆಲ್ಲ ಹೇಳಿ, ಡಾಕ್ಟರಿಗೆ ಬಯ್ದು, ಮಕ್ತಲ್‌ನವನಿಗೆ ಬಯ್ದು, ಕೊನೆಗೆ ಎದೆಯುಬ್ಬಿಸಿ, "ಚಿಂತಿ ಮಾಡಬ್ಯಾಡ. ನನ್ನ ಹಲ್ಲು ಹೋದ್ರ ಏನಾತು, ನಿನ್ನ ತಂಗೀ ಹಲ್ಲು ಐತಲ್ಲ? ಶಂಕ್ರೀ, ಬಾ, ಇವನ ಮುಂದ ಒಂದು ಎಳಿ ಕಡದು ತೋರಸು" ಎಂದು ಕರೆದು, ಅವನನ್ನು ಮಗ್ಗದ ಕೋಣೆಗೆ ಕರೆದೊಯ್ದೆ. ಅವಳು ಬಂದಳು. ಅಣ್ಣನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಸೆರಗು ಎಳೆದುಕೊಂಡು ಹಾಸಿನ ಮೇಲೆ ಬಗ್ಗಿದಳು. ಚಕ್! ತುದಿ ಎಂದಿನಂತೆ ಅಚ್ಚುಕಟ್ಟು.

ತಿಮ್ಮಪ್ಪ ಪಾಪ, ಏನೂ ಅರಿಯದವನು. "ನಮ್ಮವ್ವನ ಕತ್ತರಿ ಇನ್ನಾ ಇಷ್ಟು ಚೂಪು ಐತೇನವ್ವಾ? ಲಗ್ನದಾಗ ಸಂಚ್ಯಾಗ ಇಟ್ಟು ಕೊಟ್ಟಿದ್ಲಲ್ಲ!" ಎಂದ.

ಶಂಕ್ರಮ್ಮ ಸೆರಗು ಸರಿಸಿದಳು. ಅಂಗೈಯಲ್ಲಿ ಬೆರಳುದ್ದದ ಕತ್ತರಿ. ನಾನು ನಾಕಾದಲ್ಲಿ ಬಂಗಾರವೆಂದುಕೊಂಡದ್ದು, ನೂರಾರು ಜನರ ಮುಂದೆ ಹಲ್ಲಿನ ಕೆಲಸವೆಂದು ಸವಾಲು ಹಾಕಿದ್ದು, ಎಲ್ಲ ಅದೇ. ಅವಳಿಗೆ ನಗು ತಡೆಯಲಾಗಲಿಲ್ಲ. ಹದಿನೈದು ವರ್ಷದ ಸಂಸಾರದಲ್ಲಿ ಮೊದಲ ಸಲ ಅವಳ ಹಲ್ಲು ಸರಿಯಾಗಿ ನೋಡಿದೆ. ಒಂದರಲ್ಲೂ ಗೀರಿಲ್ಲ.

"ಮೋಸ! ಇಷ್ಟು ವರ್ಷ ಒಂದು ಮಾತು ಹೇಳಿಲ್ಲಲ್ಲ!" ಎಂದು ಕೂಗಿದೆ.

"ಹೇಳಾಕ ಬಿಟ್ಟೀರೇನು? ಬಂದ ಮೊದಲನೇ ದಿನಾನ, ಕತ್ತರಿ ಒಳಗ ಬಂದ್ರ ನಾ ಮಗ್ಗ ಬಿಟ್ಟು ಏಳ್ತೀನಿ ಅಂದ್ರಿ. ನೀವು ಎದ್ರ ನಾವು ಉಣ್ಣೋದೇನು? ಅದಕ್ಕ ಸೆರಗಿನ ಕೆಳಗ ಇಟ್ಟುಕೊಂಡು ದುಡದೀನಿ" ಎಂದಳು. ನಗು ನಿಂತಿತ್ತು. "ಆದ್ರ ನಿಮ್ಮ ಹಲ್ಲು ಸವೆಯೋದು ನೋಡ್ಕೋತ ಸುಮ್ನ ಕುಂತಿದ್ದು ತಪ್ಪಾತು. ಬಯ್ಯೋದಿದ್ರ ಅದಕ್ಕ ಬಯ್ರಿ" ಎಂದು ಕಣ್ಣೊರೆಸಿಕೊಂಡಳು. ಬಯ್ಯಲು ಬಾಯಿ ತೆರೆದವನು ಮಗ್ಗಕ್ಕೆ ಇಳಿದು, ಅವಳೂ ಅವಳ ಕತ್ತರಿಯೂ ಕೂರುವಷ್ಟು ಪಕ್ಕದಲ್ಲಿ ಜಾಗ ಬಿಟ್ಟೆ.

ಸೀರೆ ಹೊತ್ತಿಗೆ ಸರಿಯಾಗಿ ಗದ್ವಾಲ ಸೇರಿತು. ಮದುಮಗಳು ಉಟ್ಟು ಕೂತಾಗ ಹಿರಿಯ ನೇಕಾರರೊಬ್ಬರು ಸೆರಗಿನ ತುದಿ ಹಿಡಿದು, "ಇದು ಹಲ್ಲಿನ ಕೆಲಸ ಏನ್ರೀ?" ಎಂದು ಕೇಳಿದರು. ಶಂಕ್ರಮ್ಮ ಪಕ್ಕದಲ್ಲೇ ಇದ್ದಳು. "ಹೌದ್ರೀ, ನಮ್ಮ ಮನಿತನದ ಪದ್ಧತಿ" ಎಂದೆ. ಡಾಕ್ಟರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವರು ತುಂಬಿದ ಮಸಾಲೆ ಒಂದೆರಡು ಸಲ ಬಿತ್ತು, ಮತ್ತೆ ತುಂಬಿಸಿದೆ, ಹಲ್ಲು ಮಾತ್ರ ಉಳಿಯಿತು. ಈಗಲೂ ಮಗ್ಗದಲ್ಲಿ ಎಳೆ ಹರಿದರೆ ಗಂಟು ಹಾಕಿ, ಹೆಗಲ ಮೇಲಿನ ಟವೆಲ್ಲನ್ನು ಮುಖದ ತುಂಬ ಎಳೆದುಕೊಂಡು ಬಗ್ಗುತ್ತೇನೆ. ವಯಸ್ಸಾಯಿತು, ಹಲ್ಲು ತೋರಿಸಲು ನಾಚಿಕೆ ಎಂದು ಬಂದವರು ತಿಳಿಯುತ್ತಾರೆ.